ಮಗ್ಗದ ಸದ್ದಿನಲ್ಲಿ ಕಲಿತ ಮಾತು

ದೋಣಿಯಿಂದ ಇಳಿದು ದ್ವೀಪದಲ್ಲಿ ಕಾಲಿಟ್ಟಾಗಿನಿಂದ ಯಜಮಾನರ ಉಪಚಾರ ಅತಿಯಾಗಿತ್ತು. ಬಿಸಿಲಿಗೆ ಕೊಡೆ ಹಿಡಿದರು, ಬೇಡವೆಂದರೂ ಎಳನೀರು ಕುಡಿಸಿದರು, ಬಾಡಿಗೆ ವ್ಯಾನು ಹತ್ತುವಾಗ ಕೈ ಕೊಟ್ಟರು. ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಸಡಿಲವಾದ ನಟ್ಟು ಬಿಗಿಯುವುದನ್ನು ಬಿಟ್ಟರೆ ಪ್ರೀತಿ ತೋರಿಸುವ ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಹೆಂಡತಿಗೆ ಮುಜುಗರವೂ ಆಯಿತು, ಅನುಮಾನವೂ ಬಂತು.

“ಏನ್ರೀ ಇದು, ಹೊಸ ಮದುವೆ ಗಂಡಿನ ಹಾಗೆ ಆಡ್ತಿದೀರಿ?”

“ರಿಟೈರಾದ್ಮೇಲೆ ಸಮುದ್ರ ತೋರಿಸ್ತೀನಿ ಅಂದಿದ್ನಲ್ಲ.”

“ಅಂದು ಎಷ್ಟು ಕಾಲ ಆಯ್ತು! ಈಗ ಎಚ್ಚರ ಆಯ್ತಾ?”

ಡ್ರೈವರ್ ನಕ್ಕ. “ನೀವೇ ಪುಣ್ಯವಂತರು ಬಿಡಿ ಅಮ್ಮ. ನಾನು ದಿನಾ ಇದೇ ರೋಡಲ್ಲಿ ಓಡಾಡ್ತೀನಿ, ನಮ್ಮನೆಯವಳನ್ನ ಒಂದ್ಸಲಾನೂ ಕರ್ಕೊಂಡು ಬಂದಿಲ್ಲ. ಅವಳ ಮುಂದೆ ಮಾತ್ರ ನಿಮ್ಮ ಸುದ್ದಿ ಎತ್ತಲ್ಲ.”

ಆಕೆಯೂ ನಕ್ಕಳು. ನಕ್ಕಾಗ ಹೊಟ್ಟೆಯ ಬಲಭಾಗ ಚುಳ್ ಎಂದಿತು. ಹಿಂದಿನ ವಾರವೇ ಅದಕ್ಕೆ ಪರೀಕ್ಷೆಗಳೆಲ್ಲ ಆಗಿದ್ದವು. ವರದಿ ಬಂದ ದಿನ ಡಾಕ್ಟರ ಕೋಣೆಗೆ ಯಜಮಾನರು ಒಬ್ಬರೇ ಹೋಗಿ ಬಂದು, “ಬರೀ ಗ್ಯಾಸ್ಟ್ರಿಕ್ ಅಂತೆ ಕಣೇ” ಎಂದಿದ್ದರು. ಆಕೆ ನಂಬಿದ್ದಳು. ನಂಬುವುದು ಸುಲಭವೂ ಆಗಿತ್ತು.

ಮೊದಲ ಕೊಲ್ಲಿಯಲ್ಲಿ ನೀರು ತಿಳಿಹಸಿರಾಗಿತ್ತು. ಮುರಿದ ಹವಳದ ಚೂರುಗಳು ಮರಳಿನ ತುಂಬ ಬಿಳಿಯಾಗಿ ಚೆಲ್ಲಿದ್ದವು. ಆಕೆ ಚಪ್ಪಲಿ ಬಿಟ್ಟು ಅಲೆಯ ಅಂಚಿಗೆ ನಡೆದಳು. ಹಿಂದೆ ಗಂಡನ ಫೋನ್ ಹೊಡೆದುಕೊಂಡಿತು. “ಮಗಳು” ಎಂದು ಕೈಸನ್ನೆ ಮಾಡಿ ಯಜಮಾನರು ದೂರದ ತೆಂಗಿನ ಮರದ ಕೆಳಗೆ ಹೋದರು. ಹೆಂಡತಿ ಹತ್ತಿರ ಬಂದರೆ ತಿಳಿಯಲಿ ಎಂದು ಆಕೆಯತ್ತಲೇ ಮುಖ ಮಾಡಿ ನಿಂತರು. ದನಿಯನ್ನು ಪಿಸುಮಾತಿಗೆ ಇಳಿಸಿದರು.

ಅಲ್ಲೇ ಅವರು ಎಡವಿದ್ದು. ಮಿಲ್ಲಿನ ಜನಕ್ಕೆ ಪಿಸುಮಾತು ಬರುವುದಿಲ್ಲ. ಮಗ್ಗದ ಮನೆಯಲ್ಲಿ ನೂರಾರು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಕಿವಿ ಇದ್ದೂ ಇಲ್ಲದ ಹಾಗೆ. ಅಲ್ಲಿ ಮಾತೆಲ್ಲ ತುಟಿಯಲ್ಲಿ. ಗುಟ್ಟು ಹೆಚ್ಚಿದಷ್ಟೂ ಬಾಯಿ ಅಗಲವಾಗಿ ತೆರೆಯುತ್ತದೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಮೂಡುತ್ತದೆ. ಆಕೆಯೂ ಅದೇ ಮನೆಯಲ್ಲಿ ನೇಯ್ದವಳು. ಇವರಿಬ್ಬರ ಮದುವೆಯ ಮಾತೂ ಅಲ್ಲೇ, ಎರಡು ಸಾಲು ಮಗ್ಗಗಳ ಆಚೀಚೆ ನಿಂತು, ದನಿಯಿಲ್ಲದೆ ಆಗಿತ್ತು.

ಓದಬೇಕೆಂದು ಆಕೆ ಓದಲಿಲ್ಲ. ಕಣ್ಣು ತಾನಾಗಿಯೇ ಓದಿತು.

“ಗಡ್ಡೆ ಅಂದ್ರು... ಇಲ್ಲ, ಅವಳಿಗೆ ಹೇಳಿಲ್ಲ... ಆಪರೇಷನ್ ಬೇಡ ಅಂತ ಡಾಕ್ಟ್ರಿಗೆ ಹೇಳ್ಬಿಟ್ಟಿದೀನಿ... ನೀನೂ ಬಾಯಿ ಬಿಡ್ಬೇಡ. ಇರೋಷ್ಟು ದಿನ ನಗ್ತಾ ಇರ್ಲಿ.”

ಅಲೆ ಬಂದು ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಆಕೆ ಬೀಳಲಿಲ್ಲ. ಮೊದಲು ಬಂದದ್ದು ಭಯವಲ್ಲ, ‘ಹೇಳ್ಬಿಟ್ಟಿದೀನಿ’ ಎಂಬ ಮಾತಿನ ಮೇಲಿನ ಸಿಟ್ಟು. ಮಗ್ಗದ ಮನೆಗೊಂದು ರಿವಾಜಿತ್ತು. ಮಗ್ಗ ಕೆಟ್ಟಾಗ ರಿಪೇರಿಯವನು ಬಂದು ನೇಯುವವಳ ಭುಜ ತಟ್ಟಬೇಕು, ಅವಳು ತಲೆಯಾಡಿಸಿದ ಮೇಲೆಯೇ ಯಂತ್ರಕ್ಕೆ ಕೈ ಹಾಕಬೇಕು. ಈ ಮನುಷ್ಯ ಒಂದು ದಿನವೂ ಅದನ್ನು ತಪ್ಪಿದವರಲ್ಲ. ಆಕೆ ಅವರನ್ನು ಮೆಚ್ಚಿದ್ದೂ ಅದಕ್ಕೇ.

ಇಬ್ಬರೂ ಮತ್ತೆ ವ್ಯಾನು ಹತ್ತಿದರು. ಅವರು ಕೇದಗೆಯ ಪೊದೆ ತೋರಿಸಿದರು, ಒಣಹಾಕಿದ ಬಲೆಗಳನ್ನು ತೋರಿಸಿದರು. ಆಕೆ ಎಲ್ಲದಕ್ಕೂ ಹೂಂಗುಟ್ಟಿದಳು. ಹೇಳಿಬಿಟ್ಟರೆ ಪಾಪ, ಅವರು ಜೋಪಾನವಾಗಿ ಕಟ್ಟಿಕೊಂಡ ಈ ದಿನ ಒಡೆದುಹೋಗುತ್ತದೆ. ಹೇಳದಿದ್ದರೆ ತನ್ನ ಉಳಿದ ಆಯುಷ್ಯವನ್ನು ಬೇರೆಯವರು ತೀರ್ಮಾನಿಸಿದ ಹಾಗೆಯೇ ಉಳಿಯುತ್ತದೆ.

ದ್ವೀಪದ ಹಿಂಬದಿಯಲ್ಲಿ ಕಪ್ಪು ಬಂಡೆಗಳು. ಅಲೆಗಳು ಅವುಗಳ ಪೊಟರೆಗೆ ನುಗ್ಗಿ ಸಿಡಿಯುತ್ತಿದ್ದವು. ಡ್ರೈವರ್ ದೂರದಲ್ಲೇ ಉಳಿದ. ಸದ್ದಿಗೆ ಎದೆ ನಡುಗುತ್ತಿತ್ತು. ಆಕೆ ಗಂಡನ ಭುಜ ತಟ್ಟಿದಳು. ಅವರು ತಿರುಗಿದಾಗ ದನಿಯಿಲ್ಲದೆ ಕೇಳಿದಳು.

“ಗಡ್ಡೆ ಎಷ್ಟು ದೊಡ್ಡದು?”

ಅವರು ಸಟ್ಟನೆ ಮುಖ ತಿರುಗಿಸಿದರು. ಮಗ್ಗದ ಮನೆಯಲ್ಲಿ ಮುಖ ತಿರುಗಿಸುವುದೆಂದರೆ ಕಿವಿ ಮುಚ್ಚಿಕೊಂಡ ಹಾಗೆ. ಆಕೆ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

“ಯಾರು ಹೇಳಿದ್ರು?” ಅವರ ತುಟಿ ಅಲುಗಿತು.

“ನೀವೇ. ಆ ಮರದ ಕೆಳಗೆ ನಿಂತ್ಕೊಂಡು.”

ಅವರ ಅಂಗೈ ಬಾಯಿಯ ಮೇಲೆ ಹೋಯಿತು. ಆಕೆ ಅದನ್ನು ಕೆಳಗಿಳಿಸಿದಳು. “ಬೇಡ ಅಂತ ಯಾರನ್ನ ಕೇಳಿ ಹೇಳಿದ್ರಿ?”

“ಕುಯ್ದ್ರೆ ಟೇಬಲ್ ಮೇಲೇ ಹೋಗ್ಬಹುದು ಅಂದ್ರು. ಕುಯ್ಯದಿದ್ರೆ ವರ್ಷ ತುಂಬೋದು ಕಷ್ಟ ಅಂದ್ರು. ನಿನ್ನ ಹೇಗೆ ಕೇಳ್ಲಿ? ನಂಗೆ ಧೈರ್ಯ ಬರ್ಲಿಲ್ಲ ಕಣೇ.”

“ನನ್ನ ಮಗ್ಗ ಮುಟ್ಟೋಕೆ ಮುಂಚೆ ಕೇಳ್ತಿದ್ರಿ.”

ಸಿಡಿದ ನೀರಿನ ಹನಿ ಇಬ್ಬರ ಮುಖಕ್ಕೂ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಸಿಟ್ಟು ಇಳಿದ ಜಾಗಕ್ಕೆ ಭಯ ಆಗ ಬಂತು. ಅದನ್ನೂ ಅವರೊಬ್ಬರೇ ಒಂದು ವಾರದಿಂದ ಹೊತ್ತಿದ್ದರೆಂದು ಆಕೆಗೆ ಹೊಳೆಯಿತು. ಆಕೆ ಅವರ ತೋಳಿಗೆ ತೋಳು ಸೇರಿಸಿ ವ್ಯಾನಿನ ಕಡೆಗೆ ನಡೆದಳು. ಅಲೆಗಳ ಸದ್ದು ಹಿಂದೆ ಬಿದ್ದ ಮೇಲೆ ಕೈ ಚಾಚಿ ಫೋನ್ ಇಸಿದುಕೊಂಡಳು. ಈ ಸಲ ಬಾಯಿ ತುಂಬ ದನಿ ಹಾಕಿ ಮಾತಾಡಿದಳು.

“ಮಗಳೇ, ನಾನು ಕಣೇ. ಗೊತ್ತಾಯ್ತು, ಎಲ್ಲ ಗೊತ್ತಾಯ್ತು. ಅಳ್ಬೇಡ, ಮೊದ್ಲು ಕೇಳು. ಡಾಕ್ಟ್ರಿಗೆ ಫೋನ್ ಮಾಡಿ, ಇನ್ನೂ ಏನೂ ತೀರ್ಮಾನ ಆಗಿಲ್ಲ ಅಂತ ಹೇಳು. ನಾನೇ ಬಂದು ಮಾತಾಡ್ತೀನಿ. ಕುಯ್ಯಿಸ್ಕೋಬೇಕೋ ಬೇಡ್ವೋ ಅಂತ ಆಮೇಲೆ ಹೇಳ್ತೀನಿ.”

ಡ್ರೈವರ್ ರೇಡಿಯೊ ಆರಿಸಿ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ.

“ವಾಪಸ್ ಹೋಗೋಣ್ವಾ?” ಯಜಮಾನರು ಮೆಲ್ಲಗೆ ಕೇಳಿದರು.

ಆಕೆ ಕತ್ತೆತ್ತಿ ನೋಡಿದಳು. ರಸ್ತೆ ಮುಂದೆ ಬಂಡೆಗಳನ್ನು ಬಳಸಿ ಕಣ್ಮರೆಯಾಗುತ್ತಿತ್ತು.

“ಆ ಕಡೆ ಏನಿದೆಯಪ್ಪಾ?” ಎಂದು ಡ್ರೈವರನನ್ನು ಕೇಳಿದಳು.

“ಇಂಥದ್ದೇ ಇನ್ನೊಂದು ಕೊಲ್ಲಿ ಅಮ್ಮ. ನೋಡೋಕೆ ಹೆಚ್ಚೇನಿಲ್ಲ.”

“ಇರ್ಲಿ, ನಡಿ.”