ಟಕ್ ಅನ್ನದ ಗುಂಡಿ

ವಿದಿನ್‌ನಲ್ಲಿ ನೀರು ಏರಿದೆ, ಲೋಮ್‌ನಲ್ಲಿ ಇಳಿದಿದೆ — ಹೆಡ್‌ಫೋನಿನಲ್ಲಿ ಊರೂರಿನ ನೀರಿನ ಮಟ್ಟ ಓದುವ ರೇಡಿಯೋ ವಾರ್ತೆಯವನ ದನಿ ಡ್ಯಾನ್ಯೂಬ್ ನದಿಗಿಂತ ನಿಧಾನ, ಓದಪ್ಪ ಓದು, ರುಸೆ ಊರು ಬಂದರೆ ನಿನ್ನದು ಮುಗಿಯಿತು, ಆಮೇಲೆ ನನ್ನ ಗುಂಡಿ, ಒತ್ತಿದರೆ ಇವನ ದನಿ ಹೋಗಿ ಮೇಲಿನ ಸಭಾಂಗಣದ ಹಾಡು ದೇಶಕ್ಕೆಲ್ಲ ಕೇಳಬೇಕು, ದನಿ ಬದಲಿಸಲು ಹಳೆಯ ರಿಲೇ ಸ್ವಿಚ್ಚು ಇದ್ದಾಗ ಪ್ರತಿ ಸಲ ಟಕ್ ಎಂದು ಕೇಳುಗರ ಕಿವಿಗೆ ಮೊಟಕುತ್ತಿತ್ತು, ಅದನ್ನು ಕಿತ್ತು ನಾನೇ ಮಾಡಿದ ಟ್ರಾನ್ಸಿಸ್ಟರ್ ಸ್ವಿಚ್ಚಿನ ಡಬ್ಬಿ ಕೂರಿಸಿದ್ದೇನೆ, ಪಕ್ಕದಲ್ಲಿ ಕೈಕಟ್ಟಿ ನಿಂತ ಹಿರಿಯ ಆಪರೇಟರ್ ಸ್ಪಾಸಣ್ಣನ ಬಾಯಲ್ಲಿ ಬೆಳಗಿನಿಂದ ಒಂದೇ ಮಾತು, ನೋಡಮ್ಮಾ ನೆವೆನಾ, ಇವತ್ತು ಟಕ್ ಅಂದ್ರೆ ನಿನ್ ಡಬ್ಬಿ ಹೊರಗೆ, ನನ್ ರಿಲೇ ಒಳಗೆ — ಅನ್ನಲಿ, ನಿನ್ನೆಯ ತಾಲೀಮಿನಲ್ಲಿ ಅವನೇ ಗೆದ್ದಿದ್ದ, ಟಕ್ ಸಾಯಲೆಂದು ಟ್ರಾನ್ಸಿಸ್ಟರ್ ಮೆಲ್ಲಗೆ ತೆರೆಯುವಂತೆ ಮಾಡಿದ್ದೆ, ಟಕ್ ಸತ್ತಿತು, ಜೊತೆಗೆ ಹಾಡಿನ ಮೊದಲ ಉಸಿರೂ, ಟೇಪು ಕೇಳಿದ ವೆಲಿಕಾ ಅಜ್ಜಿ ಹಾಡುವ ಪೋಷಾಕಿನಲ್ಲೇ ಸೊಂಟಕ್ಕೆ ಕೈಯಿಟ್ಟು, ನನ್ ಉಸಿರೆಲ್ಲೇ ಮಗಳೇ, ಉಸಿರೆಳ್ಕೊಳ್ದೆ ಹಾಡೋಕೆ ನಾನೇನು ಹೆಣವಾ, ಸ್ಪಾಸಣ್ಣ ಕೆಮ್ಮು ಬರುವಷ್ಟು ನಕ್ಕ, ನನಗೆ ಮೈಯೆಲ್ಲ ಉರಿದುಹೋಯಿತು, ಆ ಉರಿಯಲ್ಲೇ ಹೊಳೆಯಿತು — ಬಾಗಿಲನ್ನು ಮೆಲ್ಲಗೆ ತೆರೆಯುವುದೇಕೆ, ಬಾಗಿಲಿನ ಆಚೆ ಈಚೆ ನೀರು ಸಮವಾಗಿದ್ದರೆ ಎಷ್ಟು ಬೇಗ ತೆರೆದರೂ ಧುಮುಕುವುದಿಲ್ಲ, ಕೆಪಾಸಿಟರಿನಿಂದ ಸೋರಿ ನಿಂತ ವೋಲ್ಟೇಜೇ ಈ ಟಕ್, ಅದು ನಿಲ್ಲದೆ ನೆಲಕ್ಕೆ ಹರಿದುಹೋಗಲಿ, ಎರಡೂ ಕಡೆ ಅಕ್ಕಿಕಾಳಿನಂಥ ಒಂದೊಂದು ರೆಸಿಸ್ಟರ್, ಅಷ್ಟೇ, ಯಾರೂ ಹೇಳಿಕೊಟ್ಟದ್ದಲ್ಲ, ನನ್ನದು, ಹೆಮ್ಮೆಯಾಗುತ್ತಿದೆ, ಆಗಲಿ ಬಿಡು, ಆದರೆ ಪ್ರಸಾರಕ್ಕೆ ಹೋಗುವ ಮುಂಚೆ ಒಂದೇ ಸಲ ಪರೀಕ್ಷೆ ಮಾಡಲು ಸಮಯ ಸಿಕ್ಕಿದ್ದು, ಬೆರಳು ಗುಂಡಿಯ ಮೇಲಿದೆ — ರುಸೆಯಲ್ಲಿ ಬದಲಾವಣೆಯಿಲ್ಲ, ರುಸೆ ಬಂತು, ಒತ್ತಿದೆ —

ಏನೂ ಇಲ್ಲ, ದನಿ ಅಳೆಯುವ ಮೀಟರಿನ ಮುಳ್ಳು ಮಲಗಿಯೇ ಇದೆ, ಒತ್ತೇ ತಾಯಿ ಒತ್ತು, ನಿದ್ದೆ ಮಾಡ್ತಿದ್ದೀಯಾ, ಸ್ಪಾಸಣ್ಣನ ಕೈ ಪಕ್ಕದ ಹಳೆಯ ಕೈ ಸ್ವಿಚ್ಚಿನತ್ತ ಹಾರುತ್ತಿದೆ, ಮಣಿಕಟ್ಟು ಹಿಡಿದುಕೊಂಡೆ, ಆಗ್ಲೇ ಒತ್ತಿಯಾಯ್ತು ಸ್ಪಾಸಣ್ಣ, ಸುಳ್ಳು, ಕೇಳಿಸ್ಲೇ ಇಲ್ವಲ್ಲ, ಹೌದು, ಕೇಳಿಸಲೇ ಇಲ್ಲ, ನಲವತ್ತು ವರ್ಷ ಟಕ್ ಹಿಡಿದ ಕಿವಿಗೆ ಕೇಳಿಸಲೇ ಇಲ್ಲ, ಮುಳ್ಳು ಮಲಗಿದೆ, ಅಜ್ಜಿ ಈಗ ಮೈಕಿನ ಮುಂದೆ ಬಾಯಿ ತೆರೆದಿರಬೇಕು, ಮುಳ್ಳು ಮಲಗಿದೆ, ಮುಳ್ಳು — ಅಗೋ, ಹಾಡಿಗಿಂತ ಮೊದಲು, ಬರೀ ಉಸಿರಿಗೆ, ಕೂದಲೆಳೆಯಷ್ಟು ಎದ್ದಿತು