ಸಮುದ್ರಕ್ಕಿಟ್ಟ ಒಳಮಡಿಕೆ

ಅಕ್ಕ ಹಾಕಿದ್ದು ಒಂದೇ ಷರತ್ತು. ದ್ವೀಪಕ್ಕೆ ಹೋಗುವುದಾದರೆ ಹೋಗೋಣ, ಆದರೆ ದಾರಿಯಲ್ಲಿ ಎಲ್ಲಾದರೂ ಯಾರಾದರೂ ತನ್ನನ್ನು ಎತ್ತಬೇಕಾಗಿ ಬಂದರೆ ಅಲ್ಲಿಂದಲೇ ವಾಪಸ್ಸು. ಬಿಸಿನೀರು ಹತ್ತು ಹೆಜ್ಜೆ ದೂರದಲ್ಲಿದ್ದರೂ ವಾಪಸ್ಸು.

"ಎತ್ತಿಸ್ಕೊಂಡೂ ಎತ್ತಿಸ್ಕೊಂಡೂ ಸಾಕಾಗಿದೆ ನಂಗೆ," ಅಂದಳು. "ಮಂಚದಿಂದ ಎತ್ತಿದ್ರಿ, ಕುರ್ಚಿಯಿಂದ ಎತ್ತಿದ್ರಿ, ಕಾರಿಂದ ಎತ್ತಿದ್ರಿ. ನಾನೇನು ಮೂಟೆನಾ?"

ಅಕ್ಕ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ಇಸ್ತ್ರಿ ಮಾಡಿದವಳು. ನಿಂತೇ ಮಾಡುವ ಕೆಲಸ. ಕೊನೆಗೆ ಎರಡೂ ಮಂಡಿ ಕೈಕೊಟ್ಟವು, ಎರಡಕ್ಕೂ ಆಪರೇಷನ್ ಆಯಿತು, ಎಡಗಡೆಯದು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಈಗ ಎರಡು ವರ್ಷದಿಂದ ನಾಲ್ಕು ಕಾಲಿನ ವಾಕರ್ ಹಿಡಿದು ಓಡಾಟ. ಸ್ನಾನ ಎಂದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಗ್ಗಿನಲ್ಲಿ ಸುರಿದುಕೊಳ್ಳುವುದು. ಬಿಸಿನೀರೆಂದರೆ ಪ್ರಾಣ ಬಿಡುವ ಹೆಂಗಸಿಗೆ ಅದೆಂಥ ಶಿಕ್ಷೆ ಎಂಬುದು ನನಗೆ ಗೊತ್ತು.

ಹೀಗಿರುವಾಗ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಯಾವುದೋ ಹಳೆಯ ಪತ್ರಿಕೆಯೊಳಗೆ ಒಂದು ಚಿತ್ರ ಕಂಡಿತು. ಜ್ವಾಲಾಮುಖಿಯ ದ್ವೀಪ, ಕಪ್ಪು ಮರಳಿನ ತೀರ, ಮರಳಲ್ಲಿ ಗುಂಡಿ ತೋಡಿಕೊಂಡು ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂತ ಜನ. ಅಕ್ಕ ಆ ಹಾಳೆಯನ್ನು ನರ್ಸ್ ಎದುರಿಗೇ ಹರಿದು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಬೇರೆಯವರ ಪೇಪರ್ ಓದಿದರೆ ಮಡಿಕೆ ಕೂಡ ಕೆಡದಂತೆ ವಾಪಸ್ ಕೊಡುವವಳು ಅವಳು! ಇದು ಬರೀ ಆಸೆಯಲ್ಲ ಎಂದು ಆಗಲೇ ನನಗೆ ತಿಳಿಯಿತು.

ನಮ್ಮ ತಮ್ಮನಿಗೆ ತಿಳಿಯಲಿಲ್ಲ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಜನರನ್ನು ಮೇಲೆ ಕೆಳಗೆ ಸಾಗಿಸುವ ಯಂತ್ರಗಳ ಸಹವಾಸ, ಹಾಗಾಗಿ ಎಂಥ ಕಷ್ಟಕ್ಕೂ ಅವನ ಹತ್ತಿರ ಇರುವುದು ಒಂದೇ ಮದ್ದು: ಎತ್ತುವುದು.

"ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಕಾ?" ಅಂದ. "ದೋಣಿಯಿಂದ ನೀರಿನವರೆಗೆ ನಾನೇ ಹೊತ್ಕೊಂಡ್ಹೋಗ್ತೀನಿ. ಎರಡು ನಿಮಿಷದ ಕೆಲಸ."

"ನೀನು ಹೊತ್ರೆ ನಾನು ಬರಲ್ಲ," ಅಂದಳು ಅಕ್ಕ, ಕಡ್ಡಿ ತುಂಡು ಮಾಡಿದ ಹಾಗೆ.

"ಹಂಗಾದ್ರೆ ಹೋದಂಗೇ ಇದೆ!"

ಈ ಮಾತು ಕೇಳಿ ನನಗೆ ಉರಿದುಹೋಯಿತು. ನಾನು ಬಸ್ ಡಿಪೋದಲ್ಲಿ ಇಪ್ಪತ್ತೇಳು ವರ್ಷದಿಂದ ವೇಳಾಪಟ್ಟಿ ಬರೆಯುವವಳು. ಡ್ರೈವರುಗಳು ನನ್ನ ಬೆನ್ನ ಹಿಂದೆ ಗಂಟೆಯಮ್ಮ ಅನ್ನುತ್ತಾರೆ, ಎದುರಿಗೆ ಬಂದರೆ ಬಾಯಿಗೆ ಬೀಗ. ಮುನ್ನೂರು ಬಸ್ಸುಗಳನ್ನು ಒಂದಕ್ಕೊಂದು ಡಿಕ್ಕಿಯಾಗದಂತೆ ಊರು ಸುತ್ತಿಸುವವಳಿಗೆ ಒಬ್ಬ ಅಕ್ಕನನ್ನು ನೀರಿಗೆ ಇಳಿಸುವುದು ಆಗುವುದಿಲ್ಲವೇ?

ಮರುದಿನವೇ ಊಟದ ಮನೆಯ ಗೋಡೆಯನ್ನು ಆಕ್ರಮಿಸಿಕೊಂಡೆ. ಡಿಪೋದಲ್ಲಿ ನಾವು ಮಾಡುವ ರೀತಿಯೇ ಹೀಗೆ. ಮೇಲಿನಿಂದ ಕೆಳಕ್ಕೆ ಜಾಗಗಳ ಹೆಸರು, ಎಡದಿಂದ ಬಲಕ್ಕೆ ಗಂಟೆಗಳು, ನಡುವೆ ಮೊಳೆಗಳು, ಮೊಳೆಯಿಂದ ಮೊಳೆಗೆ ಒಂದೊಂದು ಬಸ್ಸಿಗೆ ಒಂದೊಂದು ಬಣ್ಣದ ದಾರ. ದಾರ ಕಡಿದಾಗಿ ಇಳಿದರೆ ಬಸ್ಸು ಓಡುತ್ತಿದೆ ಎಂದರ್ಥ, ಮಲಗಿದರೆ ನಿಂತಿದೆ ಎಂದರ್ಥ. ದೋಣಿಗೆ ನೀಲಿ ದಾರ ಕಟ್ಟಿದೆ, ಅಕ್ಕನಿಗೆ ಕೆಂಪು, ಸಮುದ್ರಕ್ಕೆ ಬಿಳಿ. ಅಕ್ಕನ ದಾರ ಹೆಚ್ಚುಕಡಿಮೆ ಮಲಗಿಯೇ ಇತ್ತು.

ಸಮುದ್ರಕ್ಕೆ ಯಾಕೆ ದಾರ ಎಂದರೆ, ತೊಡಕಿದ್ದದ್ದೇ ಅಲ್ಲಿ. ದೋಣಿ ಕಚೇರಿಗೆ ಫೋನು ಮಾಡಿ ಎಲ್ಲ ವಿಚಾರಿಸಿದ್ದೆ. ಬಿಸಿನೀರಿನ ಬುಗ್ಗೆಗಳು ಏಳುವುದು ಅಲೆಗಳ ಅಂಚಿನ ಮರಳಲ್ಲಿ. ಉಬ್ಬರವಿದ್ದಾಗ ಸಮುದ್ರ ಅವುಗಳ ಮೇಲೆ ಕೂತಿರುತ್ತದೆ. ನೀರು ಪೂರ್ತಿ ಇಳಿಯುವ ಹೊತ್ತಿನ ಒಂದೂವರೆ ಗಂಟೆ ಮುಂಚೆ, ಒಂದೂವರೆ ಗಂಟೆ ಆಮೇಲೆ, ಅಷ್ಟೇ ದರ್ಶನ. ದೋಣಿಕಟ್ಟೆಯಿಂದ ಮರಳಿಗೆ ಇನ್ನೂರು ಮೀಟರ್ ಇಳಿಜಾರು, ಗಾಡಿ ಹೋಗುವುದಿಲ್ಲ. ಹೋಗುವ ದೋಣಿ ಎರಡು, ಒಂಬತ್ತಕ್ಕೊಂದು, ಹತ್ತೂವರೆಗೊಂದು. ಬರುವುದಕ್ಕೆ ಒಂದೇ, ಮಧ್ಯಾಹ್ನ ಒಂದೂವರೆಗೆ. ನಾವು ಹೋಗುವ ದಿನದ ಇಳಿತದ ಹೊತ್ತನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು, ಸಂಜೆ ಕೂತು ಎಲ್ಲವನ್ನೂ ಗೋಡೆಗೆ ಇಳಿಸಿದೆ. ಮೊದಲನೇ ದೋಣಿಯೇ ನಮಗೆ ಸರಿ ಎಂದು ಗೋಡೆ ಹೇಳಿತು.

ನಮ್ಮ ಕಸುಬಿನ ಒಂದು ಗುಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೆ ಒಳಮಡಿಕೆ ಎನ್ನುತ್ತೇವೆ. ಬೆಳೆಯುವ ಹುಡುಗಿಯ ಲಂಗದ ಅಂಚನ್ನು ಒಳಗೆ ಮಡಿಸಿ ಹೊಲಿಯುತ್ತಾರಲ್ಲ, ಹಾಗೆ ಗಡಿಯಾರವನ್ನೂ ಮಡಿಸುವುದು. ಬಸ್ಸು ಎಂಟೂ ಹತ್ತಕ್ಕೆ ಹೊರಡಬೇಕಾದರೆ ಡ್ರೈವರನ ಚೀಟಿಯಲ್ಲಿ ಎಂಟು ಎಂದು ಬರೆಯುತ್ತೇನೆ. ಅವನು ಆಕಳಿಸಿ, ಟೀ ಕುಡಿದು, ಕನ್ನಡಿ ಒರೆಸಿ, ಸರಿಯಾಗಿ ಎಂಟೂ ಹತ್ತಕ್ಕೆ ಹೊರಡುತ್ತಾನೆ. ಎಷ್ಟು ಸೋಮಾರಿಯೋ ಅಷ್ಟು ದೊಡ್ಡ ಒಳಮಡಿಕೆ. ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ಅದನ್ನೂ ತಿಂದು ಹಾಕುತ್ತಾರೆ.

ಮುಂದಿನದು ಮರಳಿನ ಕೆಲಸ. ನಮ್ಮ ಎದುರು ಬೀದಿಯಲ್ಲಿ ಮನೆಯೊಂದು ಏಳುತ್ತಿತ್ತು, ಮುಂದೆ ಮರಳು ಹರಡಿತ್ತು. ಅಕ್ಕನನ್ನು ಅಲ್ಲಿಗೆ ನಡೆಸಿಕೊಂಡು ಹೋದೆ. ಎರಡನೇ ಹೆಜ್ಜೆಗೇ ವಾಕರಿನ ಕಾಲುಗಳು ಗೇಣುದ್ದ ಹೂತುಹೋದವು. ಗಾರೆ ಮೇಸ್ತ್ರಿ ಕರಣೆ ಹಿಡಿದೇ ಓಡಿ ಬಂದ.

"ಅಮ್ಮಾ, ಅದು ಗೋಡೆಗೆ ತರಿಸಿರೋ ಮರಳು, ವ್ಯಾಯಾಮಕ್ಕಲ್ಲ!"

"ನಿನ್ನ ಮರಳನ್ನ ಯಾರೂ ತಿನ್ನಲ್ಲ, ಇಲ್ಲೇ ಇರತ್ತೆ," ಎಂದು ನಾನು ರೇಗಿದೆ.

"ನಾನು ಹೇಳಿಲ್ವಾ?" ಎಂದ ತಮ್ಮ ಹಿಂದಿನಿಂದ. ಹೇಳಿದ್ದನ್ನು ಮತ್ತೆ ಹೇಳುವುದರಲ್ಲಿ ಅವನಿಗಿರುವ ಸುಖ ಇನ್ಯಾವುದರಲ್ಲೂ ಇಲ್ಲ.

ಅಕ್ಕ ಮಾತ್ರ ಹೂತ ಕಾಲುಗಳನ್ನೇ ನೋಡುತ್ತಿದ್ದಳು. "ಅಗಲವಾದ ಪಾದ ಬೇಕು ಇದಕ್ಕೆ," ಅಂದಳು. "ಅಟ್ಟದ ಮೇಲೆ ನನ್ನ ಇಸ್ತ್ರಿ ಹಲಗೆ ಇದೆಯಲ್ಲ, ಅದನ್ನ ಕುಯ್ದು ನಾಲ್ಕು ಬಿಲ್ಲೆ ಮಾಡೋ."

ತಮ್ಮ ಬೆಚ್ಚಿದ. ಆ ಹಲಗೆ ಅಕ್ಕ ಕೆಲಸ ಬಿಟ್ಟ ದಿನ ಹೋಟೆಲಿನವರು ನೆನಪಿಗೆಂದು ಕೊಟ್ಟದ್ದು. ಜಿಪುಣರು, ಕೊಡಲು ಬೇರೇನೂ ಸಿಗಲಿಲ್ಲವೇನೋ. ಆದರೂ ಅಕ್ಕ ಅದನ್ನು ಬಟ್ಟೆ ಸುತ್ತಿ ಜೋಪಾನ ಮಾಡಿದ್ದಳು.

"ಅದನ್ನ ಕುಯ್ಯೋದಾ, ಅಕ್ಕ?"

"ಮೂವತ್ತನಾಲ್ಕು ವರ್ಷ ನಾನು ಅದರ ಮುಂದೆ ನಿಂತೆ. ಇನ್ನು ಅದು ನನ್ನ ಕೆಳಗೆ ನಿಲ್ಲಲಿ."

ತಮ್ಮನ ಬಾಯಿ ದೊಡ್ಡದಾದರೂ ಕೈ ಚಿನ್ನದಂಥದ್ದು. ತಟ್ಟೆಯಗಲದ ನಾಲ್ಕು ಬಿಲ್ಲೆ ಕುಯ್ದು, ಅಂಚು ಉಜ್ಜಿ, ವಾಕರಿನ ಕಾಲುಗಳಿಗೆ ತಿರುಪು ಹಾಕಿ ಕೂರಿಸಿದ. ವಾಕರ್ ಮರಳ ಮೇಲೆ ಅಲುಗದೆ ನಿಂತಿತು. ಮೇಸ್ತ್ರಿಯೇ ಮೊದಲು ಚಪ್ಪಾಳೆ ಹೊಡೆದ. ಅಂದಿನಿಂದ ಅವನೂ ನಮ್ಮ ಪಕ್ಷ. "ಸಮುದ್ರದ ಮರಳು ಹಿಂಗೆ ಗಟ್ಟಿ ಇರಲ್ಲಮ್ಮಾ, ಸಡಿಲ ಮಾಡಿ ಕೊಡ್ತೀನಿ ಇರಿ," ಎನ್ನುತ್ತಾ ದಿನಾ ಸಂಜೆ ಸಲಿಕೆಯಲ್ಲಿ ಕೆದಕಿ ಕೊಡುತ್ತಿದ್ದ. ಅಕ್ಕ ಐದು ವಾರ ಅಲ್ಲಿ ನಡೆದಳು. ನಾನು ಡಿಪೋದ ಗಡಿಯಾರ ಹಿಡಿದು ಲೆಕ್ಕ ಹಾಕಿದೆ: ಇನ್ನೂರು ಮೀಟರ್ ಇಳಿಜಾರಿಗೆ ಇಪ್ಪತ್ತೈದು ನಿಮಿಷ. ಕೆಂಪು ದಾರಕ್ಕೆ ಕೊನೆಯ ಮೊಳೆ ಹೊಡೆದೆ.

ಆ ದಿನ ಬಂತು. ಮೊದಲನೇ ದೋಣಿಯಲ್ಲಿ ನಾವು ಮೂವರು ಮತ್ತು ಒಂದಷ್ಟು ತರಕಾರಿ ಬುಟ್ಟಿಗಳು, ಇನ್ಯಾರೂ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ದ್ವೀಪ ಮುಟ್ಟಿದೆವು. ದೋಣಿಯಿಂದ ಕಟ್ಟೆಗೆ ಹಾಸಿದ ಹಲಗೆಯ ಮೇಲೆ ಅಕ್ಕ ಕಂಬಿ ಹಿಡಿದು ತಾನೇ ಇಳಿದಳು. ಕಟ್ಟೆಯ ತುದಿಗೆ ಹೋಗಿ ಕೆಳಗೆ ನೋಡಿದೆವು. ಕಪ್ಪು ಕಲ್ಲಿನ ಇಳಿಜಾರು ನೇರ ಸಮುದ್ರಕ್ಕೇ ಇಳಿದಿತ್ತು. ಮರಳೂ ಇಲ್ಲ, ಹಬೆಯೂ ಇಲ್ಲ, ಅಲೆಗಳು ಬಂಡೆಗೆ ಬಡಿಯುತ್ತಿದ್ದವು.

"ಎಲ್ಲೇ ನಿನ್ನ ಬಿಸಿನೀರು?" ಎಂದ ತಮ್ಮ.

ಟಿಕೆಟ್ ನೋಡುವ ಹೆಂಗಸು ನಮ್ಮನ್ನು ವಿಚಿತ್ರವಾಗಿ ನೋಡಿದಳು. "ಇಳಿತ ಹನ್ನೆರಡೂ ನಲವತ್ತಕ್ಕಲ್ವಾ? ಹನ್ನೊಂದು ದಾಟೋವರೆಗೂ ಏನೂ ಕಾಣಲ್ಲ. ಬಿಸಿನೀರಿಗೆ ಬರೋರೆಲ್ಲ ಎರಡನೇ ದೋಣಿಗೆ ಬರ್ತಾರೆ."

ನೋಟ್‌ಬುಕ್ ತೆಗೆದು ನೋಡಿದೆ. ಹನ್ನೆರಡು ನಲವತ್ತು ಎಂದೇ ಇತ್ತು, ನನ್ನದೇ ಅಕ್ಷರ. ಗೋಡೆಯ ಮೇಲೆ ಮಾತ್ರ ಹನ್ನೊಂದು ನಲವತ್ತಕ್ಕೆ ಮೊಳೆ ಹೊಡೆದಿದ್ದೆ. ಇಪ್ಪತ್ತೇಳು ವರ್ಷದ ಚಾಳಿ, ನನ್ನನ್ನು ಕೇಳದೆಯೇ ಕೈ ತನ್ನ ಕೆಲಸ ಮಾಡಿತ್ತು. ಹೇಗೂ ತಡಮಾಡುವ ಗಿರಾಕಿಯೆಂದು ಸಮುದ್ರಕ್ಕೂ ಒಂದು ಗಂಟೆ ಒಳಮಡಿಕೆ ಇಟ್ಟುಬಿಟ್ಟಿದ್ದೆ. ಸಮುದ್ರ ನನ್ನ ಚೀಟಿ ಓದಿರಲಿಲ್ಲ.

ತಪ್ಪನ್ನು ಒಪ್ಪಿಕೊಂಡೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಂಟೆಯಮ್ಮನಿಗೇ ಗಂಟೆ ತಪ್ಪಿತಲ್ಲಪ್ಪಾ!" ಆಮೇಲೆ ಮೆತ್ತಗಾಗಿ, "ಹೋಗ್ಲಿ ಬಿಡು. ಅಕ್ಕ, ನೀನಿಲ್ಲಿ ನೆರಳಲ್ಲಿ ಕೂತಿರು. ನೀರಿಳಿದ ಮೇಲೆ ನಾನೇ ಎರಡು ನಿಮಿಷದಲ್ಲಿ..." ಎಂದವನು ಅಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

"ಅಂದ್ರೆ ನಂಗೆ ಒಂದು ಗಂಟೆ ಜಾಸ್ತಿ ಸಿಕ್ತು ಅಂತ ತಾನೇ?" ಎಂದವಳೇ ಅಕ್ಕ ವಾಕರನ್ನು ಇಳಿಜಾರಿನ ಮೇಲೆ ಇಟ್ಟೇಬಿಟ್ಟಳು.

ಮೇಸ್ತ್ರಿಯ ಮರಳು ಎಲ್ಲಿ, ಈ ಇಳಿಜಾರು ಎಲ್ಲಿ! ಬೂದಿ ಬೆರೆತ ಉರುಟು ಕಲ್ಲುಗಳು, ಮೆಟ್ಟಿದರೆ ಜಾರುತ್ತಿದ್ದವು. ಬಿಲ್ಲೆಗಳು ಹೂಳಲಿಲ್ಲ ನಿಜ, ಆದರೆ ಪ್ರತಿ ಹೆಜ್ಜೆಗೂ ವಾಕರನ್ನು ಒತ್ತಿ, ಅಲ್ಲಾಡಿಸಿ, ನಂಬಿಕೆ ಬಂದ ಮೇಲೆ ಕಾಲಿಡಬೇಕಿತ್ತು. ಇಪ್ಪತ್ತೈದು ನಿಮಿಷ ಕಳೆದಾಗ ಅವಳು ಅರ್ಧ ದಾರಿಯನ್ನೂ ಇಳಿದಿರಲಿಲ್ಲ. ಕಲ್ಲು ಜಾರಿದಾಗಲೆಲ್ಲ ತಮ್ಮನ ಕೈ ತಾನಾಗಿ ಮುಂದೆ ಬರುತ್ತಿತ್ತು, ನಾನು ಅದಕ್ಕೆ ಪಟ್ಟನೆ ಹೊಡೆಯುತ್ತಿದ್ದೆ.

ತಿರುವಿನಲ್ಲಿ ವಾಕರ್ ಒಂದು ಕಡೆಗೆ ವಾಲಿತು. ಅಕ್ಕ ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟಳು. ಒಂದು ನಿಮಿಷ, ಎರಡು, ಐದು. ಹಣೆಯ ಬೆವರು ಗಲ್ಲಕ್ಕಿಳಿಯುತ್ತಿತ್ತು, ಒರೆಸಲು ಕೈ ಬಿಡುವ ಹಾಗಿಲ್ಲ. ಇಲ್ಲಿಗೆ ಮುಗಿಯಿತು, ಇನ್ನು ಎತ್ತಲೇಬೇಕು, ಇದೆಲ್ಲ ನನ್ನಿಂದಲೇ ಆಯಿತು ಎಂದು ನನಗೆ ಅಳು ಬಂತು.

"ಮೂಗು ಸುರ್ ಅನ್ನಿಸ್ಬೇಡ ಕಣೇ," ಅಂದಳು ಅಕ್ಕ ಕಣ್ಣು ಬಿಡದೆ. "ಉಸಿರು ತಗೊಳ್ತಿದೀನಿ ಅಷ್ಟೇ."

ಅವಳ ಮೊದಲ ಬಿಲ್ಲೆ ಸಮತಟ್ಟಾದ ಮರಳಿಗೆ ಇಳಿದಾಗ ಹನ್ನೊಂದೂ ಹತ್ತು. ಸಮುದ್ರ ಅಷ್ಟರಲ್ಲಿ ಹಿಂದೆ ಸರಿದಿತ್ತು, ಒದ್ದೆ ಕಪ್ಪು ಮರಳಿನಿಂದ ಅಲ್ಲಲ್ಲಿ ಹಬೆ ಏಳುತ್ತಿತ್ತು. ನಾನು ಮನಸ್ಸಿನಲ್ಲೇ ದಾರಗಳನ್ನು ಮತ್ತೆ ಕಟ್ಟಿ ನೋಡಿದೆ. ಹೊತ್ತನ್ನು ಸರಿಯಾಗಿ ಬರೆದಿದ್ದರೆ ಎರಡನೇ ದೋಣಿಗೆ ಬರುತ್ತಿದ್ದೆವು, ಅಕ್ಕ ಕೆಳಗಿಳಿಯುವಷ್ಟರಲ್ಲಿ ಹಿಂದಿರುಗುವ ಹೊತ್ತಾಗುತ್ತಿತ್ತು, ಕಾಲು ಕೂಡ ಒದ್ದೆಯಾಗುತ್ತಿರಲಿಲ್ಲ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಒಳ್ಳೆಯ ತಪ್ಪು ಅದು. ಹಾಗೆಂದು ತಮ್ಮನಿಗೆ ಗಟ್ಟಿಯಾಗಿಯೇ ಹೇಳಿದೆ.

ಅವನು ಮನೆಯಿಂದ ತಂದಿದ್ದ ಸಲಿಕೆ ಹಿಡಿದು, ಚಪ್ಪಲಿ ಬಿಟ್ಟು ಮುಂದೆ ನುಗ್ಗಿದ. "ಎಲ್ಲಿ ತೋಡ್ಲಿ?"

"ತಡಿಯೋ!" ಎಂದು ಅಕ್ಕ ಬೊಬ್ಬೆ ಹಾಕಿದಳು. ವಾಕರಿನ ಮೇಲೆ ಬಾಗಿ, ಅಂಗೈಯನ್ನು ಮರಳಿನಿಂದ ಗೇಣು ಮೇಲೆ ಹಿಡಿದು, ನಿಧಾನವಾಗಿ ಅತ್ತಿತ್ತ ಆಡಿಸಿದಳು. ಕಾದ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟದೆಯೇ ಅಳೆಯುವ ಕೈ ಅದು. "ಇಲ್ಲಿ ಹತ್ತಿ ಬಟ್ಟೆಯ ಬಿಸಿ ಇದೆ, ಬೇಡ. ಇಗೋ, ಈ ಕಡೆ ರೇಷ್ಮೆ. ಇಲ್ಲಿ ತೋಡು. ನೀನು ನಿಂತಿರೋ ಕಡೆ ಕ್ಯಾನ್ವಾಸಿನ ಬಿಸಿ ಕಣೋ, ಈಚೆ ಬಾ!"

"ಏನಾಗಲ್ಲ ಬಿಡಕ್ಕ," ಎಂದು ತಮ್ಮ ಇನ್ನೊಂದು ಹೆಜ್ಜೆ ಮುಂದಿಟ್ಟ. ಮರುಕ್ಷಣ ಒಂಟಿಕಾಲಲ್ಲಿ ಕುಣಿಯುತ್ತಾ ಸಮುದ್ರದ ಕಡೆ ಓಡಿದ.

ಗುಂಡಿ ತೋಡಿದ್ದಾಯಿತು. ಒಂದು ಕಡೆ ಇಳಿಜಾರು ಮಾಡಿ, ವಾಕರನ್ನು ಅಂಚಿಗೆ ಊರಿ, ಅಕ್ಕ ತಾನೇ ಇಳಿದಳು, ತಾನೇ ಕೂತಳು. ನೀರು ಸೊಂಟ ದಾಟಿ, ಎದೆ ದಾಟಿ, ಕುತ್ತಿಗೆಗೆ ಬಂತು. ಆಮೇಲೆ ಸಣ್ಣಗೆ ನಗಲು ಶುರುಮಾಡಿದಳು, ನಗು ದೊಡ್ಡದಾಯಿತು.

"ಇಷ್ಟು ವರ್ಷ ಈ ಸುಖಾನೆಲ್ಲ ಬರೀ ಬಟ್ಟೆಗಳಿಗೇ ಕೊಟ್ನಲ್ಲೇ!" ಅಂದಳು.

ಎರಡನೇ ದೋಣಿಯ ಜನ ಬಂದು ಸಿಕ್ಕಸಿಕ್ಕಲ್ಲಿ ತೋಡಿ, ಸುಟ್ಟಿತು ಎಂದು ಕಿರುಚಿ, ತಣ್ಣಗಿದೆ ಎಂದು ಗೊಣಗಿ, ಕೊನೆಗೆ ಒಬ್ಬೊಬ್ಬರಾಗಿ ಅಕ್ಕನ ಹತ್ತಿರ ಬಂದರು. ಅವಳು ಗುಂಡಿಯಲ್ಲಿ ಕೂತೇ ಕೈಚಾಚಿ ಎಲ್ಲರಿಗೂ ಜಾಗ ತೋರಿಸಿದಳು. ಇಡೀ ತೀರ ಅವಳ ಮಾತಿನಂತೆ ನಡೆಯಿತು, ಅವಳೂ ಸ್ವಲ್ಪ ಜಂಬ ಮಾಡಿದಳು.

ಹನ್ನೆರಡೂ ಕಾಲಿಗೆ ಏಳಬೇಕಾಯಿತು. ತಮ್ಮ ಅಭ್ಯಾಸದಂತೆ ಎರಡೂ ಕೈ ಚಾಚಿದ, ಮರುಕ್ಷಣ ತಾನೇ ಬೆನ್ನ ಹಿಂದೆ ಕಟ್ಟಿಕೊಂಡ. ಅಕ್ಕ ವಾಕರ್ ಹಿಡಿದಳು. ಮೊದಲ ಸಲ ಆಗಲಿಲ್ಲ, ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲ ನೀರು ಅವಳನ್ನು ಸ್ವಲ್ಪ ಮೇಲಕ್ಕೆ ತೇಲಿಸಿತು, ಅವಳು ಎದ್ದು ನಿಂತಳು. ಎರಡು ವರ್ಷದಿಂದ ನಾನು ನೋಡದಿದ್ದಷ್ಟು ನೆಟ್ಟಗೆ ನಿಂತಳು. ನಾನು ಅತ್ತೆ, ಈ ಸಲ ಅವಳು ಬೈಯಲಿಲ್ಲ.

ಹತ್ತುವಾಗ ಹಿಂದೆ ಬಿದ್ದದ್ದು ತಮ್ಮ. ಅಂಗಾಲಿನಲ್ಲಿ ಬೊಬ್ಬೆ ಎದ್ದು, ಹಿಮ್ಮಡಿಯಲ್ಲಿ ಕುಂಟುತ್ತಾ, ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದ. ತಿರುವಿನಲ್ಲಿ ಅಕ್ಕ ನಿಂತು ಹಿಂದಿರುಗಿ ನೋಡಿದಳು.

"ಎತ್ಕೊಳ್ಲೇನೋ?" ಅಂದಳು. "ಎರಡು ನಿಮಿಷದ ಕೆಲಸ."

ದೋಣಿ ಹೊರಡುವ ಸೀಟಿ ಊದಲು ಇನ್ನೂ ಮೂರು ನಿಮಿಷವಿರುವಾಗ ನಾವು ಕಟ್ಟೆ ತಲುಪಿದೆವು. ಅಕ್ಕ ಕಂಬಿ ಹಿಡಿದು ಹಲಗೆ ದಾಟಿದಳು. ಆಮೇಲೆ ವಾಕರನ್ನು ಭದ್ರವಾಗಿ ಊರಿ, ಒಂದು ಕೈ ಚಾಚಿ, ತಮ್ಮನನ್ನು ದೋಣಿಗೆ ಹತ್ತಿಸಿಕೊಂಡಳು.