ನಾಳಿ ಬುಟ್ಟಿ ಎತ್ತಬ್ಯಾಡ್ರಿ

ಯಮನೂರಮ್ಮ ಕುಳಿತದ್ದನ್ನು ಇರಕಲ್ಲಗಡದ ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಚಹಾ ಕೊಟ್ಟರೆ ನಿಂತೇ ಕುಡಿಯುವಳು, ಎರಡನೆಯ ಗುಟುಕಿಗೇ ಬಾಗಿಲತ್ತ ತಿರುಗಿರುವಳು. ಗುಡಿಗೆ ಭಜನೆಗೆ ಬಂದರೆ ಕಂಬಕ್ಕೆ ಬೆನ್ನು ಆನಿಸಿ ನಿಲ್ಲುವಳು, ಆರತಿ ಕಣ್ಣಿಗೊತ್ತಿಕೊಂಡ ಕೈ ಇಳಿಯುವ ಮೊದಲೇ ಚಪ್ಪಲಿ ಹುಡುಕುವಳು. ಇಳಕಲ್ಲ ಸೀರೆಯ ಮೇಲೆ, ಗಂಡ ಯಂಕೋಬ ಬಸ್ಸಿನ ಕಂಡಕ್ಟರನಾಗಿದ್ದಾಗ ತೊಡುತ್ತಿದ್ದ ಖಾಕಿ ಕೋಟು; ಎಡಗೈಯಲ್ಲಿ, ಮುಖವನ್ನು ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಂಡಸರ ಗಡಿಯಾರ; ಕಂಕುಳಲ್ಲಿ ಕೂಸಿನಂತೆ ಅವುಚಿದ ಥರ್ಮಾಸು. ಮುಂದಕ್ಕೆ ಬಾಗಿ, ಹಿಮ್ಮಡಿ ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವ ಆ ನಡಿಗೆಯನ್ನು ದೂರದಿಂದ ಕಂಡವರು ಯಾರ ಮನೆಯಲ್ಲೋ ಹೆರಿಗೆಯ ನೋವು ಕಾಣಿಸಿಕೊಂಡಿದೆ ಎಂದೇ ತಿಳಿಯಬೇಕು.

ಆಕೆಯ ಕೆಲಸ ಹಿತ್ತಲ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಚುಚ್ಚುವುದು. ದನದ ದವಾಖಾನೆಯವರು ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟಾಗ ಕಲಿತದ್ದು. ಆ ಔಷಧದ ಸ್ವಭಾವವೇ ಮೆಲ್ಲಗೆ ಆಕೆಯ ಸ್ವಭಾವವಾಯಿತೇನೋ. ಒಂದು ಸೀಸೆಗೆ ನೂರು ಕೋಳಿ. ಬರ್ಫದಲ್ಲೇ ಅದು ಕೊಪ್ಪಳದಿಂದ ಬರಬೇಕು, ನೆರೆಮನೆಯ ದಾವಲಬೀಯ ಫ್ರಿಜ್ಜಿನಲ್ಲಿ ರಾತ್ರಿ ಕಳೆಯಬೇಕು, ಪುಡಿಗೆ ನೀರು ಕೂಡಿಸಿದ ಮೇಲೆ ಎರಡೇ ತಾಸು ಅದಕ್ಕೆ ಜೀವ. ಯಾರ ಹಿತ್ತಲಲ್ಲೂ ನೂರು ಕೋಳಿಯಿಲ್ಲ. ಒಬ್ಬರಲ್ಲಿ ಮೂರು, ಒಬ್ಬರಲ್ಲಿ ಏಳು. ಆದ್ದರಿಂದ ಕೋಳಿಗಳು ಇನ್ನೂ ಬುಟ್ಟಿಯಡಿ ಇರುವ ನಸುಕಿನಲ್ಲೇ ಇಡೀ ಓಣಿಯನ್ನು ಮುಗಿಸಬೇಕು. ಹಿಂದಿನ ಸಂಜೆ ಮನೆಮನೆಯ ಮುಂದೆ ಆಕೆಯ ದನಿ ಕೇಳುವುದು: "ನಾಳಿ ಬುಟ್ಟಿ ಎತ್ತಬ್ಯಾಡ್ರಿ. ನಾ ಬರೂತನಕ ಎತ್ತಬ್ಯಾಡ್ರಿ." ಹೊರಡುವಾಗ ಯಂಕೋಬ ಕಟ್ಟೆಯ ಮೇಲಿಂದ, ಹಳೆಯ ರೂಢಿಯಂತೆ, "ರೈಟ್" ಅನ್ನುವನು.

ಲಸಿಕೆಯಿಲ್ಲದ ದಿನಗಳಲ್ಲೂ ಆ ಅವಸರ ಇಳಿಯುತ್ತಿರಲಿಲ್ಲ. ಯಾರ ಹಿತ್ತಲಿಗಾದರೂ ಕೇಳದೆಯೇ ನುಗ್ಗಿ, ಕೋಳಿಗಿಟ್ಟ ಹಳಸಲು ನೀರು ಚೆಲ್ಲಿ, ಪರಟೆ ತಿಕ್ಕಿ, ಹೊಸ ನೀರು ತುಂಬಿ ನೆರಳಿಗೆ ಸರಿಸುವಳು. ಹೇನು ಹತ್ತದಂತೆ ಕೋಳಿಗಳು ಹೊರಳಾಡಲು ಒಲೆಯ ಬೂದಿಯನ್ನು ಗುಂಡಿಗೆ ಸುರಿಯುವಳು. ದಾವಲಬೀ ಒಮ್ಮೆ ಛೇಡಿಸಿದಳು: "ಗಂಡಗ ನೀರು ಕಾಸಿಕೊಟ್ಟು ಎಷ್ಟು ದಿನ ಆತವಾ? ಕೋಳಿಗೆ ಮಾತ್ರ ನೆಳ್ಳಾಗ ತಣ್ಣೀರು."

"ಆತಗ ಕೈ ಅದಾವು. ಇವಕ್ಕಿಲ್ಲ," ಎಂದಳು ಯಮನೂರಮ್ಮ. ಆಗಲೇ ಮುಂದಿನ ಮನೆಯ ಹಿತ್ತಲಲ್ಲಿದ್ದಳು.

ಆದರೆ ಆ ನಡಿಗೆಯನ್ನು ನಿಜವಾಗಿ ಕೆಣಕಿದ್ದು ಹೋದ ವರ್ಷದ ಒಂದು ತಪ್ಪು. ನಮ್ಮಲ್ಲಿ ದ್ಯಾಮವ್ವನ ಹೆಸರಿಗೆ ಬಿಟ್ಟ ಹುಂಜಕ್ಕೆ ಬೇರೆ ಬುಟ್ಟಿ. ದೇವಿಯ ಮುಂದೆ ನಿಲ್ಲುವವರೆಗೆ ಅದರ ಮೈಮೇಲೆ ಒಂದು ಗೀರೂ ಬೀಳಬಾರದು. ಸೂಜಿ ಹಿಡಿದು ಹೋದಾಗ ಮನೆಮನೆಯಲ್ಲೂ ಆ ಒಂದು ಬುಟ್ಟಿಗೆ ಕೈ ಅಡ್ಡ ಬಂತು. ಆಕೆಯೂ "ದೇವರದು ಬಿಡ್ರಿ" ಎಂದು ದಾಟಿದಳು. ಬೇಸಿಗೆಯ ಬಿಸಿಲೇರಿದಾಗ ರೋಗ ಬಂತು. ಚುಚ್ಚಿಸಿಕೊಂಡವು ಉಳಿದವು. ದೇವಿಗೆ ಬಿಟ್ಟ ಹನ್ನೊಂದೂ ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಒಂದೇ ವಾರದಲ್ಲಿ ಸತ್ತವು. ದೇವಿ ನಮ್ಮ ಹರಕೆ ಒಲ್ಲೆ ಅಂದಳು ಎಂದು ಓಣಿ ಕಂಗಾಲಾಯಿತು. ಹೆಚ್ಚು ಕಂಗಾಲಾದವಳು ಕಸ್ತೂರೆಮ್ಮ. ಮೂರು ವರ್ಷವಾದರೂ ಹೆಜ್ಜೆಯಿಡದ ಮೊಮ್ಮಗಳು ಸಹನಾ ತನ್ನ ಕಾಲಲ್ಲೇ ಗುಡಿಗೆ ನಡೆದು ಬಂದರೆ ಹುಂಜ ಒಪ್ಪಿಸುವೆನೆಂದು ಆಕೆ ಬೇಡಿಕೊಂಡಿದ್ದಳು.

ಈ ಮಾಘದಲ್ಲಿ ಕಸ್ತೂರೆಮ್ಮನ ಅಂಗಳದಲ್ಲಿ ಎರಡನೆಯ ಹುಂಜವಿತ್ತು. ಸಹನಾ ಗೋಡೆ ಹಿಡಿದು ಹೊಸ್ತಿಲಿಂದ ನುಗ್ಗೆಮರದವರೆಗೆ ಹೋಗುತ್ತಿದ್ದಳು. ಐದೂವರೆಗೆ ನೀರು ಕೂಡಿಸಿ ಹೊರಟ ಯಮನೂರಮ್ಮ ಆ ಅಂಗಳ ಮುಟ್ಟಿದಾಗ ಏಳು ಗಂಟೆ. ಅದು ಓಣಿಯ ಕೊನೆಯ ಮನೆ. ಉಳಿದದ್ದು ಅರ್ಧ ತಾಸು. ಹ್ಯಾಟೆಕೋಳಿಗಳಿಗೆಲ್ಲ ಚುಚ್ಚಿ, ಬೇರೆಯಿಟ್ಟ ಬುಟ್ಟಿಯತ್ತ ತಿರುಗಿದಳು. ಕಸ್ತೂರೆಮ್ಮ ಅದರ ಮೇಲೆ ಕೈಯಿಟ್ಟಳು.

"ದೇವಿಗೆ ಬಿಟ್ಟ ಮ್ಯಾಲ ಅದರ ಮೈಯಾಗಿನ ಒಂದು ಹನಿ ರಕ್ತನೂ ನಂದಲ್ಲ. ಚುಚ್ಚು ಅಂತ ನಾ ಯಾವ ಬಾಯಿಂದ ಹೇಳ್ಲಿ?"

ಬರ್ಫ ಕರಗತೈತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಮನೂರಮ್ಮ ಅದನ್ನು ನುಂಗಿ, ಥರ್ಮಾಸನ್ನು ಪಕ್ಕಕ್ಕಿಟ್ಟು, ಹೊಸ್ತಿಲ ಮೇಲೆ ಕುಳಿತಳು. ಎದುರು ಮನೆಯ ಜಗಲಿಯಿಂದ ಮುದುಕಮ್ಮ, "ಯವ್ವಾ, ಕುಂತಾಳ ನೋಡ್ರಿ," ಎಂದು ಒಳಗಿನವರನ್ನು ಕರೆದಳು.

"ಹ್ವಾದ ವರ್ಸ ನನ್ನ ಮನಿ ಹುಂಜಕ್ಕೂ ನಾ ಚುಚ್ಚಲಿಲ್ಲ ಕಸ್ತೂರೆವ್ವ. ಭಕ್ತಿ ಅಂದ್ಕೊಂಡಿದ್ದೆ. ಹೆದರಿಕಿ ಇತ್ತು ಅದು." ಮತ್ತೆ ಮತ್ತೆ ಮಣಿಕಟ್ಟಿನತ್ತ ಓಡುವ ಕಣ್ಣನ್ನು ಎಳೆದು ತಂದು ನುಗ್ಗೆಮರದ ಮೇಲೆ ಇಟ್ಟಳು. ಒಳಗೊಳಗೇ ಕಾಲಬೆರಳು ಮಿಡಿಯುತ್ತಿದ್ದವು. ಕಸ್ತೂರೆಮ್ಮ ಹೋದ ವರ್ಷದ ಹುಂಜದ ಮಾತಾಡಿದಳು, ಅದನ್ನು ಹೂಳಿದ ಜಾಗ ತೋರಿಸಿದಳು, ಕೂಸಿನ ಜ್ವರ, ಕಾಲಿಗೆ ಹಚ್ಚಿದ ಎಣ್ಣೆ, ಸರಕಾರಿ ದವಾಖಾನೆಯ ಸಾಲು, ಒಂದನ್ನೂ ಬಿಡಲಿಲ್ಲ.

"ಈಕಿಗೆ ಸೂಜಿ ಹಾಕಿಸಿದ ದಿನ ತೊಡಿ ಬಾತು, ರಾತ್ರೆಲ್ಲ ತಣ್ಣೀರ ಬಟ್ಟಿ ಒತ್ತಿದೆ..." ಎಂದವಳು ಅಲ್ಲೇ ತಡೆದಳು. ಗೋಡೆ ಹಿಡಿದು ಬಂದ ಸಹನಾ ಬುಟ್ಟಿಯ ಸಂದಿಗೆ ಕಣ್ಣಿಟ್ಟು ಕುಳಿತಿದ್ದಳು. "ಈಕಿನೂ ದೇವಿಗೆ ಬೇಡ್ಕೊಂಡ ಕೂಸಽ ಅಲ್ಲೇನು. ಸೂಜಿ ತಾಗೇತಿ ಅಂತ ಅಕಿ ಈಕಿನ್ನ ಗುಡಿಯಾಗ ಬಿಟ್ಕೊಳ್ಳಾಂಗಿಲ್ಲೇನು?"



"ಚುಚ್ಚು," ಎಂದಳು ಕಸ್ತೂರೆಮ್ಮ, ಬುಟ್ಟಿ ಎತ್ತುತ್ತ. "ನಾ ನೋಡಂಗಿಲ್ಲ."

ಯಮನೂರಮ್ಮ ಮಣಿಕಟ್ಟು ತಿರುಗಿಸಿದಳು. ಏಳೂ ನಲವತ್ತು. ಹತ್ತು ನಿಮಿಷದ ಹಿಂದೆಯೇ ಔಷಧಕ್ಕೆ ಜೀವ ಹೋಗಿತ್ತು. ಚುಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಸ್ತೂರೆಮ್ಮನಿಗೆ ಸಮಾಧಾನ, ಓಣಿಗೆ ಮೆಚ್ಚುಗೆ. ಆಕೆ ಸೂಜಿಯನ್ನು ಡಬ್ಬಿಗೆ ಹಾಕಿದಳು. "ಇದು ಬರೇ ನೀರು ಈಗ. ಬೇಸ್ತವಾರ ನಸಿಕಿನ್ಯಾಗ ಹಿಟ್ನಾಳದಾಗ ಹೊಸ ಸೀಸೆ ಒಡಿತೀನಿ. ಇದನ್ನ ಅಲ್ಲಿಗೆ ಒಯ್ಯೂಣು."

ಬುಧವಾರ ಸಂಜೆ ಕಸ್ತೂರೆಮ್ಮ ಹುಂಜವನ್ನು ಬೇರೆಯವರ ಕೈಗೆ ಕೊಡಲೊಲ್ಲದೆ ತಾನೇ ತೊಡೆಯ ಮೇಲಿಟ್ಟುಕೊಂಡು ಬಸ್ಸೇರಿದಳು. ಬೀಳ್ಕೊಡಲು ಬಂದ ಯಂಕೋಬ ಕಿಟಕಿಯಲ್ಲಿ ಇಣುಕಿ, "ಅದಕ್ಕೂ ಅರ್ಧ ಟಿಕೆಟ್ ಐತಿ, ತಗಸ್ರಿ. ನನ್ನ ಮರ್ಯಾದಿ ಕಳೀಬ್ಯಾಡ್ರಿ," ಎಂದ. ಹಿಟ್ನಾಳದಲ್ಲಿ ಯಮನೂರಮ್ಮನ ತಂಗಿಯ ಮನೆಯ ಅಂಗಳದಲ್ಲಿ, ನೂರು ಪರವೂರ ಕೋಳಿಗಳ ಸಾಲಿನಲ್ಲಿ, ಅದಕ್ಕೇ ಮೊದಲ ಪಾಳಿ. ರೆಕ್ಕೆಯನ್ನು ಕಸ್ತೂರೆಮ್ಮನೇ ಹಿಡಿದಳು. ನೋಡುವುದಿಲ್ಲ ಎಂದಿದ್ದವಳು ಕೊನೆಯವರೆಗೂ ನೋಡಿದಳು. ಸೂಜಿ ಹೊರಬಂದ ಜಾಗದಲ್ಲಿ ರಕ್ತ ಕಾಣಲಿಲ್ಲ.

ಯುಗಾದಿಯ ಹೊತ್ತಿಗೆ ರೋಗ ಮತ್ತೆ ಬಂತು. ಚುಚ್ಚಿಸದ ಪಕ್ಕದ ಓಣಿಯ ಬುಟ್ಟಿಗಳು ಬರಿದಾದವು. ಕಸ್ತೂರೆಮ್ಮನ ಹುಂಜ ದಿನಾ ನಸುಕಿನಲ್ಲಿ ಕೂಗುತ್ತಲೇ ಇತ್ತು. ಒಂದು ಮಂಗಳವಾರ ಸಹನಾ ಎರಡು ಕಡೆ ಕುಳಿತು, ಒಂದು ಕಡೆ ಅತ್ತು, ದ್ಯಾಮವ್ವನ ಮೆಟ್ಟಿಲವರೆಗೆ ನಡೆದಳು; ಹಿಂದೆ ಹುಂಜ ಹಿಡಿದ ಅಜ್ಜಿ. ಯಮನೂರಮ್ಮ ಅಲ್ಲಿರಲಿಲ್ಲ. ಕನಕಗಿರಿಯ ಕಡೆಗೆ ಹೋಗಿದ್ದಾಳೆಂದು ಯಂಕೋಬ ಹೇಳಿದ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ದಾರಿಯಲ್ಲಿ ಸಿಕ್ಕಾಗ ನಿಂತು ಮಾತಾಡುವುದಿಲ್ಲವೆಂದು ನಾವು ಮುನಿಯುತ್ತೇವೆ, ಬೆನ್ನ ಹಿಂದೆ ನಗುತ್ತೇವೆ. ಅವರ ಕಂಕುಳಲ್ಲಿ ಕರಗುತ್ತಿರುವುದು ನಮ್ಮದೇ ಹಿತ್ತಲಿನ ಪಾಲು ಎಂಬುದು ಹೊಳೆಯುವಷ್ಟರಲ್ಲಿ ಅವರು ತಿರುವು ದಾಟಿರುತ್ತಾರೆ. ಅವರಲ್ಲಿ ಒಬ್ಬರು ಯಾವಾಗಲಾದರೂ ನಮ್ಮ ಹೊಸ್ತಿಲ ಮೇಲೆ ಅರ್ಧ ತಾಸು ಕುಳಿತರೆ, ತಮ್ಮ ಬಳಿ ಇದ್ದದ್ದೆಲ್ಲವನ್ನೂ ನಮಗೆ ಕೊಟ್ಟುಹೋದಂತೆ.